ಶನಿಗೆ ಸಿಕ್ಕಿದ ಗ್ರಹ

ಸೂರ್ಯನಂಥದೇ ಒಂದು ದೂರದ ನಕ್ಷತ್ರದ ಬೆಳಕು ಮೂವತ್ತನಾಲ್ಕು ದಿನಕ್ಕೊಮ್ಮೆ ಸಾವಿರದಲ್ಲಿ ಒಂದು ಪಾಲು ಕುಗ್ಗುತ್ತಿತ್ತು. ಅಷ್ಟಕ್ಕೇ ವೀಕ್ಷಣಾಲಯದ ಕಚೇರಿಯವರೆಲ್ಲ ಬೆಳಗ್ಗೆ ಒಂಬತ್ತಕ್ಕೇ ತೋಳೇರಿಸಿ ಕೂತಿದ್ದರು. ಕಾರಣ, ಅಲ್ಲೊಂದು ಗ್ರಹ ಅಡ್ಡ ಹಾಯುತ್ತಿದೆ ಎಂದವನು ಶನಿ.

ಶನಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ಕಚೇರಿಯಲ್ಲಿ ಯಾರು ಹೊಸ ಗ್ರಹ ಕಂಡೆನೆಂದರೂ ಅದನ್ನು ಅಲ್ಲಗಳೆಯಲೆಂದೇ ಒಬ್ಬ ಆಕ್ಷೇಪಕನಿರುತ್ತಾನೆ. ಅವನ ಏಟು ತಾಳಿಕೊಂಡರೆ ಮಾತ್ರ ಗ್ರಹ ಖಚಿತ. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಇವನು ನಲವತ್ತೊಂದು ಗ್ರಹಗಳನ್ನು ನುಂಗಿ ನೀರು ಕುಡಿದಿದ್ದ. ಅವನ ಜೊತೆ ಕಾಫಿಗೆ ಕೂರುವವರೂ ಇರಲಿಲ್ಲ, ಪಾಪ.

"ಇವತ್ತು ಎಲ್ಲರೂ ಆಕ್ಷೇಪಕರು," ಎಂದು ಮುಖ್ಯಸ್ಥೆ ಶನಿಗೆ ಹೇಳಿದರು. "ಗ್ರಹ ಉಳಿದ್ರೆ ನೀವು ಮಹಡಿ ಮೇಲಿನ ಶೋಧಕರ ಕೋಣೆಗೆ. ನಿಮ್ಮ ಕುರ್ಚಿಗೆ ಲಾಯಕ್ಕಾದವರನ್ನ ಇವತ್ತಿನ ಆಕ್ಷೇಪಣೆ ನೋಡಿ ನಾನು ಆರಿಸ್ಕೊಳ್ತೀನಿ."

ಬೆಳಗ್ಗೆ ಮನೆಯಿಂದ ಹೊರಡುವಾಗ ಶನಿಯ ಹೆಂಡತಿಯೂ ಹೇಳಿಯೇ ಕಳಿಸಿದ್ದಳು: "ಗೆದ್ಕೊಂಡೇ ಬನ್ನಿ. ಸಾರಿಗೆ ಉಪ್ಪು ಹಾಕಿದೀನಿ ಅಂದ್ರೂ ಪುರಾವೆ ಕೇಳೋ ಚಾಳಿ ಆ ಕುರ್ಚಿ ಬಿಟ್ಟ ಮೇಲಾದ್ರೂ ಹೋಗ್ಲಿ."

ಮೊದಲು ಎದ್ದವರು ದಪ್ಪ ಕನ್ನಡಕದ ಹಿರಿಯರು. ಅವರ ಮೂರು ಗ್ರಹಗಳು ಶನಿಯ ಬಾಯಿಗೆ ಹೋಗಿದ್ದವು. "ಅದು ಗ್ರಹ ಅಲ್ಲಪ್ಪಾ, ನಕ್ಷತ್ರದ ಮೇಲಿನ ಕಲೆ!"

"ಕಲೆ ಆಗಿದ್ರೆ ಬದಲಾಗ್ತಿತ್ತು ಸಾರ್. ಏಳು ಸಲವೂ ಒಂದೇ ಅಳತೆ."

"ಕ್ಯಾಮೆರಾ ಕೆಟ್ಟಿರ್ಬಹುದು," ಎಂದಳು ಯಂತ್ರ ವಿಭಾಗದಾಕೆ.

"ಎರಡು ಬೇರೆ ಬೇರೆ ದೂರದರ್ಶಕದಲ್ಲೂ ಅದೇ ಹೊತ್ತಿಗೆ ಕುಗ್ಗಿದೆ."

"ಎರಡೂ ಕೆಟ್ಟಿರ್ಬಹುದು!"

"ಹಕ್ಕಿ ಅಡ್ಡ ಬಂದಿದ್ರೆ?" ಎಂದರು ಗ್ರಂಥಪಾಲಕರು.

"ಮೂವತ್ತನಾಲ್ಕು ದಿನಕ್ಕೊಮ್ಮೆ, ತಪ್ಪದೆ, ಅದೇ ಹಕ್ಕಿನಾ?"

ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲರ ಬತ್ತಳಿಕೆ ಬರಿದಾಯಿತು. ಸುಮ್ಮನಿದ್ದಿದ್ದರೆ ಶನಿ ಅಲ್ಲಿಗೇ ಗೆದ್ದಿದ್ದ. ಆದರೆ ಅಂಥ ಕಳಪೆ ಆಕ್ಷೇಪಣೆಗಳನ್ನು ಕೇಳಿ ಕೇಳಿ ಅವನಿಗೆ ಮೈಯೆಲ್ಲ ಉರಿದುಹೋಗಿತ್ತು.

"ಏನ್ರೀ ಇದು! ಹಿಂದುಗಡೆ ಒಂದಕ್ಕೊಂದು ಅಡ್ಡ ಬರೋ ಜೋಡಿ ನಕ್ಷತ್ರ ಇದ್ದು, ಅದರ ಬೆಳಕು ಇದರಲ್ಲಿ ಬೆರೆತಿದ್ರೆ? ಅದನ್ನ ಕೇಳ್ಬೇಕು ಅಂತ ಒಬ್ಬರಿಗೂ ಹೊಳೀಲಿಲ್ವಾ?"

ಹಿರಿಯರ ಮುಖ ಊರಗಲವಾಯಿತು. "ಹೌದಲ್ಲ! ಇದ್ರೆ?"

ಶನಿ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದ. ಇನ್ನು ಉಳಿದದ್ದು ದೊಡ್ಡ ದೂರದರ್ಶಕದವರ ವರದಿಯೊಂದೇ. ಗ್ರಹ ನಿಜವಾದರೆ ಅದರ ಸೆಳೆತಕ್ಕೆ ನಕ್ಷತ್ರ ತುಸುವಾದರೂ ಓಲಾಡಬೇಕು. ಎರಡು ಗಂಟೆ ಕಾಲ ಶನಿ ಓಲಾಡಿದ್ದಕ್ಕಂತೂ ಎಲ್ಲರೂ ಸಾಕ್ಷಿ.

ಐದಕ್ಕೆ ವರದಿ ಬಂತು. ಹಿಂದೆ ಯಾವ ಜೋಡಿಯೂ ಇಲ್ಲ. ನಕ್ಷತ್ರ ಮಾತ್ರ ಸರಿಯಾಗಿ ಮೂವತ್ತನಾಲ್ಕು ದಿನಕ್ಕೊಮ್ಮೆ ಓಲಾಡುತ್ತಿದೆ!

ಶನಿ ಮೇಜು ಹತ್ತಿ ಕುಣಿದ. ಕೋಣೆಯೆಲ್ಲ ಚಪ್ಪಾಳೆ. ಹಿರಿಯರೇ ಅವನನ್ನು ಕೆಳಗಿಳಿಸಿ ಹೆಗಲ ಮೇಲೆ ಕೈ ಹಾಕಿದರು. "ನಿಜವಾದ ಗ್ರಹ ಕಣಯ್ಯಾ! ಯಾರಪ್ಪನ ಕೈಲೂ ಅಲ್ಲಾಡ್ಸೋಕಾಗಲ್ಲ!" ಶನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಯಾರೂ ಕಾಣದಿದ್ದ ಒಂದು ಲೋಕವನ್ನು ಅವನು ಕಂಡಿದ್ದ.

"ಮಹಡಿಗೆ ಯಾವಾಗ ಹೋಗ್ಲಿ ಮೇಡಂ?"

ಮುಖ್ಯಸ್ಥೆ ಕೈಯಲ್ಲಿದ್ದ ಪಟ್ಟಿ ತೋರಿಸಿದರು. "ಬೆಳಗ್ಗಿಂದ ಹದಿನಾರು ಆಕ್ಷೇಪಣೆ ಬರ್ಕೊಂಡೆ. ಕುರ್ಚಿಗೆ ಲಾಯಕ್ಕಾದದ್ದು ಒಂದೇ."

"ಯಾರದು ಮೇಡಂ?" ಎಂದು ಶನಿ ಉತ್ಸಾಹದಿಂದ ಕೇಳಿದ.

ಮುಖ್ಯಸ್ಥೆ ಅವನನ್ನೇ ನೋಡಿದರು. "ನಾಳೆ ಒಂಬತ್ತಕ್ಕೆ ಹಿರಿಯರ ಹೊಸ ಗ್ರಹ ಇದೆ. ಬೇಗ ಬಂದ್ಬಿಡಿ."

ಹಿರಿಯರು ಅವನ ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದರು.