ಲ್ಯಾಬಿಗೆ ಮೊದಲೇ ಬಂದ ಶ್ರಾವಣ

ಮುರಳೀಕೃಷ್ಣನ ಕಷ್ಟಕ್ಕೆಲ್ಲ ಮೂಲ ಆಷಾಢ ಮಾಸ.

ಚನ್ನರಾಯಪಟ್ಟಣದ ಹೆದ್ದಾರಿ ಪಕ್ಕದ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಕಂಪ್ಯೂಟರ್ ಮೇಷ್ಟ್ರು. ಅದು ಎರಡು ಸಾವಿರದ ಏಳನೆಯ ಇಸವಿ. ಹೊಸ ಕೋರ್ಸಿಗೆಂದು ಕಾಲೇಜಿಗೆ ದೊಡ್ಡದೊಂದು ಸರ್ವರ್ ಬಂತು. ಬಂದದ್ದು ಮಾತ್ರ ಆಷಾಢದಲ್ಲಿ. ಕಾಲೇಜಿನ ಕಾರ್ಯದರ್ಶಿ ಚಲುವನಾರಾಯಣ ಅವರು ಆಷಾಢದಲ್ಲಿ ಹೊಸ ಚಪ್ಪಲಿಯನ್ನೂ ಮೆಟ್ಟುವವರಲ್ಲ. "ಶ್ರಾವಣ ಬರಲಿ, ಶುರು ಮಾಡೋಣ" ಎಂದುಬಿಟ್ಟರು. ಅಧಿಕ ಮಾಸದ ದೆಸೆಯಿಂದ ಆ ವರ್ಷ ಶ್ರಾವಣ ಆಗಸ್ಟ್ ನಡುವಿಗೆ ಹೋಗಿತ್ತು. ಲ್ಯಾಬು ನೋಡಲು ವಿಶ್ವವಿದ್ಯಾಲಯದಿಂದ ಬರುವವರು ಪಂಚಾಂಗ ನೋಡಿರಲಿಲ್ಲ. ಜುಲೈ ಮೂವತ್ತಕ್ಕೇ ಬರುತ್ತೇವೆಂದು ತಿಳಿಸಿದ್ದರು.

ಆಗ ಮುರಳಿ ಒಂದು ಉಪಾಯ ಹೇಳಿದ. "ಸಾರ್, ಯಂತ್ರದ ಗಡಿಯಾರಾನ ಶ್ರಾವಣಕ್ಕೆ ತಳ್ಳಿ ಆಮೇಲೆ ಶುರು ಮಾಡಿದ್ರೆ? ಅದರ ಲೆಕ್ಕದಲ್ಲಿ ಅದು ಹುಟ್ಟಿದ್ದು ಶ್ರಾವಣದಲ್ಲೇ ಆಗುತ್ತೆ."

ಚಲುವನಾರಾಯಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಜಾತಕ ಬರೆಯೋದು ಹುಟ್ಟಿದ ಗಳಿಗೆ ನೋಡಿ ತಾನೇ? ಹಾಗೇ ಮಾಡಿ."

ಶುಕ್ರವಾರ ಸರ್ವರಿಗೆ ಅರಿಶಿನ ಕುಂಕುಮ ಏರಿತು. ಪರದೆಯ ಮೂಲೆಯಲ್ಲಿ ಆಗಸ್ಟ್ ಹದಿನಾಲ್ಕು ಎಂದು ಕಂಡದ್ದನ್ನು ಕಾರ್ಯದರ್ಶಿಗಳು ಬಗ್ಗಿ ನೋಡಿ ಖಾತರಿ ಮಾಡಿಕೊಂಡರು. ಆಮೇಲೆ ಮುರಳಿ ಸಾಫ್ಟ್‌ವೇರ್ ಹಾಕಿದ. ಎಲ್ಲರೂ ಪ್ರಸಾದದ ಚರುಪು ತಿಂದು ಮನೆಗೆ ಹೋದರು.

ಸೋಮವಾರ, ಜುಲೈ ಮೂವತ್ತು. ಹೊಳೇನರಸೀಪುರದ ಮನೆಯಿಂದ ಬಸ್ಸಿಗೆ ಹೊರಟಾಗ ಹೆಂಡತಿ ಶ್ರೀಗೌರಿ ಬಾಗಿಲಲ್ಲಿ ನಿಂತು, "ಇವತ್ತಾದ್ರೂ ಬಾಯಿಬಿಟ್ಟು ಕೇಳ್ತೀರಾ?" ಎಂದಳು. ಕೇಳಬೇಕಾದದ್ದು ನೌಕರಿ ಖಾಯಂ ಮಾಡುವ ಆರ್ಡರು. ಮೂರು ವರ್ಷದಿಂದ ಅವನು ತಾತ್ಕಾಲಿಕ ಮೇಷ್ಟ್ರು. ಆ ನೇಮಕ ನಾಳೆಗೆ ಮುಗಿಯುತ್ತಿತ್ತು. ಕೇಳದೆ ಇರಲಿಲ್ಲ, ಒಮ್ಮೆ ಕೇಳಿದ್ದ. "ಆಷಾಢದಲ್ಲಿ ಅಂಥ ಕಾಗದಕ್ಕೆ ಸಹಿ ಹಾಕೋದುಂಟೇನ್ರೀ?" ಎಂದು ಚಲುವನಾರಾಯಣ ನಕ್ಕಿದ್ದರು. ಇವತ್ತು ಬರುವವರ ಮುಂದೆ ಲ್ಯಾಬು ಮೆರೆದರೆ ಕಾರ್ಯದರ್ಶಿಗಳ ಮನಸ್ಸು ಕರಗೀತು ಎಂಬ ಆಸೆಯಲ್ಲೇ ಅವನು ಬಸ್ಸು ಹತ್ತಿದ.

ಸರ್ವರ್ ಅಂದರೇನೆಂದು ಅವನು ಎಲ್ಲರಿಗೂ ವಠಾರದ ಲೆಕ್ಕದಲ್ಲಿ ಹೇಳಿಕೊಟ್ಟಿದ್ದ. ಹೊರಗಿಂದ ನೋಡಿದರೆ ಒಂದೇ ಕಟ್ಟಡ. ಒಳಗೆ ನಾಲ್ಕು ಸಂಸಾರ. ಹಾಗೆಯೇ ಒಂದು ಯಂತ್ರದೊಳಗೆ ನಾಲ್ಕು ಕಂಪ್ಯೂಟರುಗಳು ತಮ್ಮ ಪಾಡಿಗೆ ತಾವು ಓಡುತ್ತವೆ. ಅವನ್ನು ನೋಡಿಕೊಳ್ಳಲು ವಠಾರದ ತಲೆಬಾಗಿಲಿನಂತೆ ಒಂದು ಪುಟ. ಲ್ಯಾಬಿನ ಯಾವುದಾದರೂ ಕಂಪ್ಯೂಟರಿನಲ್ಲಿ ಕೂತು, ಬ್ರೌಸರಿನಲ್ಲಿ ಸರ್ವರಿನ ವಿಳಾಸ ಹೊಡೆದರೆ ಆ ಬಾಗಿಲು ತೆರೆಯಬೇಕು.

ತೆರೆಯಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದು ಕೂತಿತು. ಮುರಳಿ ಅದನ್ನು ಮುಚ್ಚಿ ಮತ್ತೆ ಹೊಡೆದ. ಮತ್ತೆ ಬಂತು, ಮತ್ತೆ ಮುಚ್ಚಿದ. ಕರೆಯದೆ ಬಂದ ನೆಂಟನ ಹಾಗೆ ಅದು ಬರುತ್ತಲೇ ಇತ್ತು. ಸರ್ವರಿನ ಮುಂದೆಯೇ ಕೂತು ನೋಡಿದರೆ ಪುಟ ಸಲೀಸಾಗಿ ತೆರೆಯುತ್ತಿತ್ತು. ಲ್ಯಾಬಿನಿಂದ ಮಾತ್ರ ಇಲ್ಲ. ಆದರೆ ಸರ್ವರ್ ಇದ್ದದ್ದು ಉಗ್ರಾಣದಂಥ ಕೋಣೆಯಲ್ಲಿ. ಬರುವ ದೊಡ್ಡವರನ್ನು ಅಲ್ಲಿ ನಿಲ್ಲಿಸಿದರೆ ಅವರಲ್ಲಿ ಅರ್ಧ ಜನ ಹೊರಗೇ ಉಳಿಯಬೇಕಿತ್ತು.

ಸುದ್ದಿ ಹಬ್ಬಿತು. ಮೊದಲು ಬಂದವರು ಭೌತಶಾಸ್ತ್ರದ ಗಂಗಯ್ಯ. "ಅರ್ಥಿಂಗು ಕಣ್ರೀ. ನಾನು ಆವತ್ತೇ ಹೇಳ್ದೆ, ಈ ಕಟ್ಟಡಕ್ಕೆ ಅರ್ಥಿಂಗೇ ಸರಿ ಇಲ್ಲ."

"ಸಾರ್, ವೈರೆಲ್ಲ ನೋಡಿದೀನಿ. ಸರ್ವರ್ ಕರೆದ್ರೆ ಓಗೊಡ್ತಿದೆ. ಬಾಗಿಲು ಮಾತ್ರ..."

"ನೀವು ಸಾಫ್ಟ್‌ವೇರಿನೋರು. ಕರೆಂಟಿನ ಸ್ವಭಾವ ನಿಮಗೇನು ಗೊತ್ತು?" ಎಂದ ಗಂಗಯ್ಯ ಗೋಡೆಯ ಸ್ವಿಚ್ ಬೋರ್ಡಿಗೆ ಕೈ ಹಾಕಿದರು. ಟಪ್ಪೆಂದು ಇಡೀ ಮಹಡಿ ಕತ್ತಲಾಯಿತು. ಪಕ್ಕದ ಕೋಣೆಯಲ್ಲಿ ಸರ್ವರಿನ ಬ್ಯಾಟರಿ ತಾಯಿ ಕಳೆದುಕೊಂಡ ಕರುವಿನಂತೆ ಕೂಗತೊಡಗಿತು.

ಕತ್ತಲಲ್ಲೇ ಕಚೇರಿಯ ಸೂಪರಿಂಟೆಂಡೆಂಟ್ ದಾಕ್ಷಾಯಣಮ್ಮನ ದನಿ ಬಂತು. "ಮುರಳಿ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?"

"ಈಗ ತಾನೇ ಗಂಗಯ್ಯನೋರು ಇಡೀ ಕಾಲೇಜನ್ನೇ ಆಫ್ ಮಾಡಿದ್ರು ಮೇಡಂ."

ಕರೆಂಟು ಮತ್ತೆ ಬರುವ ಹೊತ್ತಿಗೆ ಅಟೆಂಡರ್ ಕೆಂಪಣ್ಣ ತನ್ನ ಪಾಲಿನ ಕೆಲಸ ಮುಗಿಸಿದ್ದ. "ಸಾ, ಇದು ದೃಷ್ಟಿ ಕಣ್ ಸಾ. ಮೊನ್ನೆ ಪೂಜೆಗೆ ಬಂದೋರೆಲ್ಲ ಏನ್ ದೊಡ್ದು ಏನ್ ದೊಡ್ದು ಅಂತ ನೋಡಿದ್ದೇ ನೋಡಿದ್ದು. ನಿಂಬೆಣ್ಣು ಮೆಣಸಿನ್ಕಾಯಿ ಕಟ್ಬುಟ್ಟಿವ್ನಿ, ಇನ್ನೇನೂ ಆಗಕಿಲ್ಲ."

ಕಟ್ಟಿದ್ದು ಸರ್ವರಿನ ಫ್ಯಾನಿನ ಬಾಯಿಗೆ. ಮೆಣಸಿನಕಾಯಿ ಟರ್ರನೆ ಒಳಗೆ ಸಿಕ್ಕಿಕೊಂಡಿತು. ಅದನ್ನು ಚಿಮುಟಿಗೆಯಲ್ಲಿ ಕೀಳುತ್ತ ಮುರಳಿ ನಾಲ್ಕು ಸಲ ಸೀನಿದ. ಕೈಯಲ್ಲೇ ಕಣ್ಣುಜ್ಜಿಕೊಂಡ. ಹೀಗಾಗಿ ಬಾಗಿಲಲ್ಲಿ ಬಂದು ನಿಂತ ಚಲುವನಾರಾಯಣ ಅವರಿಗೆ ಕಂಡದ್ದು ಕಣ್ಣೀರು ಸುರಿಸುತ್ತಿದ್ದ ಕಂಪ್ಯೂಟರ್ ಮೇಷ್ಟ್ರು.

"ಅಳಬೇಡಿ ಮುರಳಿ," ಎಂದರು ಅವರು, ನಿಜವಾದ ಮರುಕದಿಂದ. "ವಿಶ್ವವಿದ್ಯಾಲಯದೋರು ಊಟ ಮುಗಿಸಿಕೊಂಡು ಬರ್ತಾರಂತೆ. ಅಷ್ಟರೊಳಗೆ ಆಗುತ್ತೆ ಬಿಡಿ."

ಎಲ್ಲರೂ ಹೋದಮೇಲೆ ಮುರಳಿ ಮತ್ತೆ ಲ್ಯಾಬಿನ ಕಂಪ್ಯೂಟರಿನ ಮುಂದೆ ಕೂತ. ಏನು ಮಾಡಲೂ ತೋಚದೆ, ಬೆಳಗಿನಿಂದ ಮುಚ್ಚುತ್ತಲೇ ಇದ್ದ ಆ ನಾಲ್ಕು ಸಾಲನ್ನು ಮೊದಲ ಸಲ ಪೂರ್ತಿ ಓದಿದ. ಮಕ್ಕಳಿಗೆ ದಿನವೂ ಅವನು ಹೇಳುವುದೇ ಅದನ್ನು: ಯಂತ್ರ ಏನೋ ಹೇಳ್ತಿರುತ್ತೆ, ಓದ್ರಪ್ಪಾ. ನಮಗೆ ಗಾಬರಿಯಾದಾಗ ಎದುರಿಗಿರುವವರ ಮಾತು ಕೇಳಿಸುವುದಿಲ್ಲ; ಎದುರಿಗಿರುವುದು ಮನುಷ್ಯನಾದರೂ ಅಷ್ಟೆ, ಯಂತ್ರವಾದರೂ ಅಷ್ಟೆ.

ಸರ್ವರ್ ತನ್ನ ಗುರುತಿಗೆಂದು ಒಂದು ಪ್ರಮಾಣಪತ್ರವನ್ನು ತಾನೇ ಮಾಡಿಕೊಂಡಿರುತ್ತದೆ. ಬ್ರೌಸರ್ ಅದನ್ನು ನೋಡಿ ಒಳಗೆ ಬಿಡುತ್ತದೆ. ಪರದೆಯ ಮೇಲೆ ಇದ್ದದ್ದು ಇಷ್ಟೆ: ಈ ಪ್ರಮಾಣಪತ್ರ ಸರಿಯಾಗಿದೆ, ಆದರೆ ಇದು ಜಾರಿಗೆ ಬರುವ ದಿನ ಇನ್ನೂ ಬಂದಿಲ್ಲ.

ಬರುವುದಾದರೂ ಹೇಗೆ? ಸರ್ವರ್ ಹುಟ್ಟಿದ್ದು ಶ್ರಾವಣದಲ್ಲಿ. ಲ್ಯಾಬು ಇನ್ನೂ ಆಷಾಢದಲ್ಲಿತ್ತು. ಇನ್ನೂ ಹುಟ್ಟದವನು ಬಂದು ಬಾಗಿಲು ತಟ್ಟಿದರೆ ಯಾವ ಬ್ರೌಸರ್ ತಾನೇ ನಂಬೀತು? ಪರವಾಗಿಲ್ಲ, ಒಳಗೆ ಬಿಡು ಎನ್ನೋಣವೆಂದರೆ ಮಕ್ಕಳು ಕಂಡಕಂಡ ಪುಟಗಳಿಗೆ ಹೋಗದಿರಲೆಂದು ಹಿಂದಿನ ವರ್ಷ ಬ್ರೌಸರುಗಳನ್ನು ಅವನೇ ಬಿಗಿ ಮಾಡಿದ್ದ. ಬಿಗಿದದ್ದು ನೆನಪಿತ್ತು, ಸಡಿಲಿಸುವ ದಾರಿ ಮರೆತಿತ್ತು. ಸರ್ವರನ್ನು ಆಷಾಢಕ್ಕೆ ಎಳೆದು ಹೊಸದಾಗಿ ಶುರು ಮಾಡಿದರೆ ಚಲುವನಾರಾಯಣ ಈ ಜನ್ಮದಲ್ಲಿ ಕ್ಷಮಿಸುವವರಲ್ಲ.

ಉಳಿದದ್ದು ಒಂದೇ ದಾರಿ. ಇಡೀ ಲ್ಯಾಬನ್ನು ಶ್ರಾವಣಕ್ಕೆ ಕರೆದೊಯ್ಯುವುದು.

ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ದಿನಾಂಕವನ್ನು ಸರ್ವರಿನಲ್ಲಿ ಅಂದಿದ್ದ ಆಗಸ್ಟ್ ಹದಿನೇಳಕ್ಕೆ ತಳ್ಳುತ್ತ ಬಂದ. ಕೆಂಪಣ್ಣ ಹಿಂದೆಯೇ ನಿಂತು ನೋಡುತ್ತಿದ್ದ.

"ಏನ್ ಸಾ, ಆಷಾಡಾನೇ ಹಾರಿಸ್ಬುಟ್ರಾ?"

"ಹೂಂ ಕೆಂಪಣ್ಣ."

"ಅಂಗೇ ನಮ್ಮನೇದೂ ಒಸಿ ತಳ್ಬುಡಿ ಸಾ. ಹೊಸ ಮದ್ವೆ ಮಗಳ್ನ ಆಷಾಡಕ್ಕೆ ಅಂತ ತವ್ರಿಗೆ ಕರ್ಕಂಡ್ ಬಂದಿವ್ನಿ. ಅಳಿಯ ದಿನಾ ಸೈಕಲ್ ಹತ್ಕಂಡ್ ಬಂದು ಜಗಲಿ ಮ್ಯಾಲೆ ಕುಂತ್ಕತಾನೆ. ಓಗು ಅನ್ನಂಗಿಲ್ಲ, ಒಳೀಕ್ ಬಾ ಅನ್ನಂಗಿಲ್ಲ."

ಮುರಳಿ ವಿಳಾಸ ಹೊಡೆದ. ಬಾಗಿಲು ತೆರೆಯಿತು.

ವಿಶ್ವವಿದ್ಯಾಲಯದವರು ಬಂದರು. ವಠಾರದ ಬಾಗಿಲು ತೆರೆಯಿತು, ನಾಲ್ಕು ಸಂಸಾರಗಳೂ ಓಡುತ್ತಿದ್ದವು. ಹಿರಿಯರೊಬ್ಬರು, "ಸರಿ, ಒಳಗಿರೋ ಒಂದು ಕಂಪ್ಯೂಟರಿಂದ ಏನಾದರೂ ಕಾಗದ ಪ್ರಿಂಟ್ ತೆಗೆದು ತೋರಿಸಿ" ಎಂದರು. ಹಿಗ್ಗಿನಲ್ಲಿದ್ದ ಚಲುವನಾರಾಯಣ, "ಏನಾದರೂ ಯಾಕೆ? ಮುರಳಿ, ನಿಮ್ಮ ಖಾಯಂ ಆರ್ಡರನ್ನೇ ಟೈಪ್ ಮಾಡಿ" ಎಂದುಬಿಟ್ಟರು.

ಮುರಳಿ ಟೈಪ್ ಮಾಡಿದ. ಕಾಗದ ಬಂತು. ಬಂದವರು ತಲೆದೂಗಿ ಕಾಫಿಗೆ ಎದ್ದರು. ಚಲುವನಾರಾಯಣ ಪೆನ್ನು ತೆಗೆದರು. ತೆಗೆದ ಕೈ ಹಾಗೇ ನಿಂತಿತು. ಆಷಾಢ ನೆನಪಾಗಿರಬೇಕು. ಕಾಗದವನ್ನು ಕಣ್ಣ ಹತ್ತಿರ ತಂದು ಮೇಲ್ಗಡೆಯ ದಿನಾಂಕ ನೋಡಿದರು. ಯಂತ್ರ ತಾನಾಗಿಯೇ ಹಾಕಿತ್ತು: ಆಗಸ್ಟ್ ಹದಿನೇಳು.

"ಆಹಾ, ಶ್ರಾವಣ ಶುಕ್ರವಾರ!" ಎಂದು ಕಣ್ಣಿಗೊತ್ತಿಕೊಂಡು ಸಹಿ ಹಾಕಿದರು.

ಮುರಳಿ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಕಚೇರಿಗೆ ಓಡಿದ. ದಾಕ್ಷಾಯಣಮ್ಮ ಕಾಗದ ಓದಿದರು. ತಿರುಗಿಸಿ ಹಿಂದೆ ನೋಡಿದರು. ಮತ್ತೆ ಓದಿದರು.

"ಮುರಳಿ, ಸಂತೋಷ. ಆದ್ರೆ ನಿಮ್ಮ ನೇಮಕ ನಾಳೆಗೆ ಮುಗಿಯುತ್ತೆ ಅಲ್ವಾ?"

"ಹೌದು ಮೇಡಂ."

"ಇದು ಆಗಸ್ಟ್ ಹದಿನೇಳರ ಆರ್ಡರು. ಆವತ್ತಿಗೆ ನೀವು ಈ ಕಾಲೇಜಲ್ಲೇ ಇರಲ್ಲ. ಇಲ್ಲದೇ ಇರೋರನ್ನ ನಾನು ಹೇಗಪ್ಪಾ ಖಾಯಂ ಮಾಡಲಿ? ಆಡಿಟ್‌ನೋರು ನನ್ನ ಸುಮ್ನೆ ಬಿಡ್ತಾರಾ? ಇವತ್ತಿನ ತಾರೀಕು ಹಾಕಿಸ್ಕೊಂಡು ಬಂದುಬಿಡಿ, ಈಗಲೇ ಸೀಲು ಒತ್ತಿ ಕೊಡ್ತೀನಿ."

ಮುರಳಿ ಮತ್ತೆ ಮೆಟ್ಟಿಲು ಹತ್ತಿದ. ಈ ಸಲ ಒಂದೊಂದೇ.

"ಜುಲೈ ಮೂವತ್ತಾ?" ಚಲುವನಾರಾಯಣ ಬೆಚ್ಚಿದರು. "ಆಷಾಢದ ತಾರೀಕು ಹಾಕಿ ನಿಮ್ಮ ಜೀವನ ಶುರು ಮಾಡಿಸಲಾ? ನಿಮಗೆ ಕೆಟ್ಟದ್ದಾಗೋದು ನನಗೆ ಇಷ್ಟ ಇಲ್ಲ ಮುರಳಿ. ಶ್ರಾವಣದಲ್ಲಿ ಬನ್ನಿ. ಹೊಸದಾಗಿ ತಾತ್ಕಾಲಿಕ ಅಂತ ತೊಗೊಳ್ಳೋಣ. ಮೂರು ವರ್ಷ ಏನು ಮಹಾ, ಕಣ್ಣು ಮುಚ್ಚಿ ತೆಗೆಯೋದರೊಳಗೆ ಕಳೆಯುತ್ತೆ." ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ಕಷ್ಟ, ಕಪಟವಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ಮುರಳಿ ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಜುಲೈಗೆ ತಿರುಗಿ ತಂದ. ನಾಳೆ ಬೇರೆಯವರ ಕೈಗೆ ಒಪ್ಪಿಸುವ ಲ್ಯಾಬು, ತಾರೀಕಾದರೂ ಸರಿಯಿರಲಿ. ಅಭ್ಯಾಸ ಬಲದಿಂದ ಕೊನೆಯ ಸಲ ಸರ್ವರಿನ ವಿಳಾಸ ಹೊಡೆದ. ಅದೇ ನಾಲ್ಕು ಸಾಲು ಬಂತು. ಈ ಸಲ ಅವನು ಅದನ್ನು ಮುಚ್ಚಲಿಲ್ಲ. ಜೇಬಿನಿಂದ ಆರ್ಡರ್ ತೆಗೆದು ಪರದೆಯ ಪಕ್ಕ ಹಿಡಿದು, ಎರಡನ್ನೂ ನೋಡುತ್ತ ಕೂತ.

ಬೀಗ ಹಿಡಿದು ಬಂದ ಕೆಂಪಣ್ಣ ಕೇಳಿದ, "ಏನಂತೆ ಸಾ ಅದು?"

"ಎಲ್ಲಾ ಸರಿಯಾಗಿದೆಯಂತೆ ಕೆಂಪಣ್ಣ. ದಿನ ಮಾತ್ರ ಇನ್ನೂ ಬಂದಿಲ್ಲವಂತೆ."

ಕೆಂಪಣ್ಣ ತಲೆಯಾಡಿಸಿ ದೀಪ ಆರಿಸಿದ. "ನಮ್ಮ ಅಳಿಯಂಗೂ ನಾನು ದಿನಾ ಅದನ್ನೇ ಯೇಳೋದು ಸಾ."