ಗುಜರಿಯಲ್ಲಿ ಸಿಕ್ಕ ಹಸಿರು ಅಕ್ಷರ

ಹೆಂಗಸರಿಗೆ ಎಂಥೆಂಥ ಹುಚ್ಚು ಇರಬಹುದು ಅಂತ ಊರು ಮೊದಲೇ ತೀರ್ಮಾನ ಮಾಡಿಟ್ಟಿರುತ್ತೆ. ಸೀರೆ, ಬಂಗಾರ, ಹೆಚ್ಚೆಂದರೆ ಟೆರೇಸಿನ ಮೇಲೆ ಗುಲಾಬಿ ಕುಂಡ. ನನ್ನದು ಆ ಲೆಕ್ಕಕ್ಕೆ ಬರುವ ಹುಚ್ಚಲ್ಲ. ನಾನು ಗುಜರಿ ಅಂಗಡಿಗಳಲ್ಲಿ ಹಳೇ ಕಂಪ್ಯೂಟರ್ ಹುಡುಕುತ್ತೇನೆ. ದಾವಣಗೆರೆಯಲ್ಲಿ ನಮ್ಮ ಮನೆಯವರದು ಬಟ್ಟೆ ಅಂಗಡಿ. ಬಂದವರು ಸೀರೆ ನೋಡುವ ಮೊದಲು ಇವರಿಗೆ ವರದಿ ಒಪ್ಪಿಸುತ್ತಾರೆ: "ಅಕ್ಕಾರನ್ನ ಇಲ್ಲೇ ಕರೂರು ಕಡೆ ಗುಜರಿ ಅಂಗಡ್ಯಾಗೆ ನೋಡಿದ್ವಿ. ಮನ್ಯಾಗೆ ಎಲ್ಲಾ ಆರಾಮ ಐತಲ್ರಿ?" ಇವರು ಊಟಕ್ಕೆ ಕೂತಾಗ ಆ ವರದಿ ನನಗೆ ತಲುಪುತ್ತದೆ. "ಹೊಸಾದು ಕೊಡಿಸ್ತೀನಿ ಮಾರಾಯ್ತಿ, ಆ ಗುಜರಿ ಸಹವಾಸ ಬ್ಯಾಡ" ಅನ್ನುತ್ತಾರೆ. ನಾನು ಇವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತೇನೆ.

ನನಗೆ ಬೇಕಾದ್ದು ಕಪ್ಪು ಪರದೆ ಮೇಲೆ ಹಸಿರು ಅಕ್ಷರ ಮೂಡುವಂಥದ್ದು. ಮದುವೆಗೆ ಮುಂಚೆ ಅಂಥದ್ದರಲ್ಲೇ ನಾನು ಕಂಪ್ಯೂಟರ್ ಕಲಿತದ್ದು. ಆಗ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋಗಬೇಕಿತ್ತು. ಧೂಳು ಹೊಕ್ಕರೆ ಮಷೀನು ಕೆಡುತ್ತೆ ಅಂತ ನಮ್ಮ ಸರ್ ಹೆದರಿಸಿದ್ದರು. ಒಳಗೆ ಏಸಿ. ನಮ್ಮೂರ ಬಿಸಿಲಿನಿಂದ ಬಂದು, ಆ ತಣ್ಣನೆ ನೆಲದ ಮೇಲೆ ಕಾಲೂರಿ, ಮೊದಲ ದಿನ ಗಿರಿಜಾ ಅಂತ ಟೈಪ್ ಮಾಡಿದೆ. ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಅಪ್ಪನ ಕೆಳಗಿತ್ತು, ಆಮೇಲೆ ಇವರ ಕೆಳಗೆ ಬಂತು. ಯಾರ ಕೆಳಗೂ ಇಲ್ಲದೆ ಅದೊಂದೇ ನಿಂತದ್ದು ಆ ಪರದೆ ಮೇಲೆ ಮಾತ್ರ. ಅದನ್ನು ಇನ್ನೊಂದು ಸಲ ನೋಡದೆ ಬಿಡುವವಳಲ್ಲ ನಾನು.

ಹರಿಹರದ ದಾದಾಪೀರ್ ಭಾಯಿ ಗುಜರಿಗೆ ಆಫೀಸು, ಫ್ಯಾಕ್ಟರಿಗಳ ಹಳೇ ಸಾಮಾನು ಬರುತ್ತೆ ಅಂತ ಗೊತ್ತಾಗಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಭಾಯಿ ತಾಮ್ರ ಕೀಳಲು ಒಂದು ಮಾನಿಟರಿಗೆ ಸುತ್ತಿಗೆ ಎತ್ತಿದ್ದರು. "ಒಡೀಬ್ಯಾಡ್ರಿ" ಅಂತ ಅಲ್ಲೇ ಒಂದು ಡಬ್ಬದ ಮೇಲೆ ಕೂತು ಉಪನ್ಯಾಸ ಶುರು ಮಾಡಿದೆ. ಹಸಿರು ಅಕ್ಷರ, ಏಸಿ, ಚಪ್ಪಲಿ, ನಮ್ಮ ಸರ್, ಒಂದನ್ನೂ ಬಿಡಲಿಲ್ಲ. "ಇಂಥಾದ್ದು ಸಿಕ್ರೆ ಪ್ರಾಣ ಹೋದ್ರೂ ಕೈ ಬಿಡಬಾರದು ಭಾಯಿ" ಅಂದೆ. ಭಾಯಿ ಬೀಡಿ ಆರಿಸಿ ಕೇಳಿದರು. ಆ ಮಾನಿಟರು ಹಸಿರಿನದಾಗಿರಲಿಲ್ಲ, ಅದು ಬೇರೆ ಮಾತು. ಆಮೇಲೆ ಹೋದಾಗಲೆಲ್ಲ ಉಪನ್ಯಾಸ ನನ್ನದು, ಟೀ ಅವರದು. ನನ್ನ ಕೈಗೆ ಸಿಕ್ಕಿದ್ದು ಮಾತ್ರ ಒಂದು ಕೀಬೋರ್ಡು, ಅದರೊಳಗೆ ಜಿರಲೆಗಳ ಸಂಸಾರ.

ಮೊನ್ನೆ ಫೋನ್ ಬಂತು. "ಅಕ್ಕಾರೆ, ಬಂದೈತೆ. ಹಸಿರು ಅಕ್ಷರದ್ದೇ." ಒಲೆ ಮೇಲಿನ ಸಾರು ಇಳಿಸಿ ಓಡಿದೆ.

ಭಾಯಿ ಒಳಗಿನ ಕೋಣೆ ಗುಡಿಸಿ, ನೀರು ಹಾಕಿ ತೊಳೆಸಿದ್ದರು. ಏಸಿ ಬದಲು ಟೇಬಲ್ ಫ್ಯಾನ್. ಮೇಜಿನ ಮೇಲೆ ಅದು ರಿಪೇರಿಯಾಗಿ ಬೆಳಗುತ್ತಿತ್ತು. ಪರದೆಯ ಮೇಲ್ತುದಿಯಲ್ಲಿ ಇಂಗ್ಲಿಷಿನಲ್ಲಿ, ಹಸಿರಾಗಿ, ದಾದಾಪೀರ್. ನನಗೆ ಕಣ್ಣು ತುಂಬಿ ಬಂತು. "ಎಷ್ಟಕ್ಕೆ ಕೊಡ್ತೀರಿ?"

"ಕೊಡಂಗಿಲ್ರಿ ಅಕ್ಕಾರೆ." ಮುಖದಲ್ಲಿ ಸಂಕೋಚ ಇತ್ತು, ದನಿಯಲ್ಲಿರಲಿಲ್ಲ. "ಪ್ರಾಣ ಹೋದ್ರೂ ಕೈ ಬಿಡಬಾರದು ಅಂತ ನೀವೇ ಹೇಳಿದ್ರಲ್ಲ. ಯಾವಾಗ ಬೇಕಾದ್ರೂ ಬಂದು ಟೈಪ್ ಮಾಡ್ರಿ, ಬ್ಯಾಡ ಅನ್ನಲ್ಲ."

ನಾನು ಸಿಟ್ಟಿನಲ್ಲಿ ಒಂದು ಹೆಜ್ಜೆ ಒಳಗಿಟ್ಟೆ.

"ಅಕ್ಕಾರೆ, ಚಪ್ಪಲಿ. ಗೇಟಿನ ಹತ್ರ ಬಿಟ್ಟು ಬರ್ರಿ, ಧೂಳು ಬರ್ತೈತೆ."

ಗೇಟಿನಿಂದ ಕೋಣೆಯವರೆಗೆ ಬರೀ ಮೊಳೆ, ತಗಡು. ಬರಿಗಾಲಲ್ಲೇ ದಾಟಿ ಬಂದು ಕೂತೆ. ಅವರ ಹೆಸರು ಅಳಿಸಲು ಮನಸ್ಸಾಗದೆ, ಅದರ ಕೆಳಗೆ ಗಿರಿಜಾ ಅಂತ ಟೈಪ್ ಮಾಡಿದೆ. ಅಲ್ಲೂ ಕೆಳಗೇ.

ಈಗ ಪ್ರತಿ ಸೋಮವಾರ ಹೋಗುತ್ತೇನೆ. ಬಟ್ಟೆ ಅಂಗಡಿಗೆ ಹೊಸ ವರದಿ ಬಂದಿದೆಯಂತೆ: "ಅಕ್ಕಾರು ಹರಿಹರದ ಗುಜರಿಯಾಗೆ ಬರಿಗಾಲಲ್ಲಿ ನಡೀತಿದ್ರು. ಏನರ ಹರಕೆ ಐತೇನ್ರಿ?"

"ಹೂಂ, ಐತ್ರಿ. ಭಾಳ ವರ್ಷದ್ದು" ಅಂದರಂತೆ ಇವರು, ಸೀರೆ ಮಡಚುತ್ತಾ. ಸುಳ್ಳೇನಲ್ಲ. ಹಿಮ್ಮಡಿಗೆ ಮೊಳೆ ಚುಚ್ಚಿದ್ದನ್ನು ಮಾತ್ರ ನಾನಿನ್ನೂ ಇವರಿಗೆ ಹೇಳಿಲ್ಲ.