ಬಾತುಕೋಳಿಯ ಗಲ್ಲದ ಕುಂಕುಮ

ದೇವರ ಮೇಲೆ ಭಾರ ಹಾಕಿ ಕುಳಿತವರ ಮನೆಯಲ್ಲೇ ಇಂಥವು ಹೆಚ್ಚು ನಡೆಯುತ್ತವೆ ಎಂಬುದು ನನಗೀಗ ಖಾತ್ರಿಯಾಗಿದೆ. ಶಿವನಿಗೂ ಆಗಾಗ ನಗು ಬೇಕಾಗುತ್ತದೆ, ಅದಕ್ಕೆ ನಮ್ಮಂಥವರ ಮನೆ ಹುಡುಕಿಕೊಂಡು ಬರುತ್ತಾನೆ.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ಮಗನಿಗೆ ಮುಧೋಳದಲ್ಲಿ ಕೆಲಸ, ಸೊಸೆ ಬೀಳಗಿಯ ಶಾಲೆಯಲ್ಲಿ ಟೀಚರ್. ಇಬ್ಬರೂ ಬೆಳಿಗ್ಗೆ ಬಸ್ಸು ಹಿಡಿದರೆ ಮರಳಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಜಮಖಂಡಿಯ ಈ ಮನೆಯಲ್ಲಿ ನಾನು, ನಮ್ಮವರು, ಮತ್ತು ಎರಡನೇ ಇಯತ್ತೆಯ ಮೊಮ್ಮಗಳು. ಹುಬ್ಬಳ್ಳಿಯಿಂದ ಇಲ್ಲಿಗೆ ಬಂದ ಮೇಲೆ ಆ ಕೂಸು ಬಾಯಿ ಬಿಡುವುದನ್ನೇ ನಿಲ್ಲಿಸಿತ್ತು. ಸಾಲಿಯಲ್ಲಿ ಮಾತಿಲ್ಲ, ಓಣಿಯ ಮಕ್ಕಳು ಕರೆದರೆ ನನ್ನ ಸೆರಗಿನ ಹಿಂದೆ. ನಾನು ದಿನಾ ಪೂಜೆಯಲ್ಲಿ ಕೇಳುತ್ತಿದ್ದುದು ಒಂದೇ, "ಅಪ್ಪಾ, ಈ ಕೂಸಿನ ಬಾಯಾಗ ಎರಡು ಮಾತು ಹಾಕು."

ದೇವರು ಟಿವಿಯ ಮೂಲಕ ಹಾಕಿದ. ಒಂದು ಸಂಜೆ ನಮ್ಮ ಪಡಸಾಲೆಯ ಬಾಗಿಲು ತೆರೆದಿತ್ತು, ಕಾರ್ಟೂನು ನಡೆದಿತ್ತು. ಓಣಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಮುಂದೆ ಕುಳಿತುಬಿಟ್ಟವು. ಹಿಂದಿನಿಂದ ನಮ್ಮ ಮೊಮ್ಮಗಳು, "ಸರೀರಲೇ, ನನಗ ಕಾಣವಲ್ದು" ಎಂದಳು. ಕೇಳಿದವರಿಗೆ ಅದು ಜಗಳದ ಮಾತು. ನಾನು ಎದ್ದು ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಅಂದಿನಿಂದ ಆ ಮಕ್ಕಳು ದಿನಾ ಬರತೊಡಗಿದವು. ಆ ಕಾರ್ಟೂನು ನಿಂತರೆ ಕೂಸಿನ ಮಾತೂ ನಿಲ್ಲುತ್ತದೆ ಎಂಬ ಭಯ ನನ್ನೊಳಗೆ ಕುಳಿತಿತ್ತು.

ಯಾರೂ ಬಿದ್ದಿಲ್ಲ

ನಮ್ಮ ದೇವರ ಜಗಲಿ ಪಡಸಾಲೆಯ ಮೂಲೆಯಲ್ಲಿದೆ. ನನ್ನ ಸಂಜೆಯ ಲಿಂಗಪೂಜೆ, ಮಕ್ಕಳ ಕಾರ್ಟೂನು, ಎರಡಕ್ಕೂ ಅದೇ ಹೊತ್ತು. ಎಡಗೈಯಲ್ಲಿ ಲಿಂಗ ಹಿಡಿದು ದೃಷ್ಟಿ ಅದರಲ್ಲೇ ಇಡುತ್ತೇನೆ. ಕಣ್ಣನ್ನು ಹಿಡಿದಿಡಬಹುದು, ಕಿವಿಗೆ ಬಾಗಿಲಿಲ್ಲವಲ್ಲ. ಕಿವಿ ಹೋದ ಕಡೆ ಕಣ್ಣೂ ಆಗಾಗ ಜಾರುತ್ತಿತ್ತು.

ಆ ಕಾರ್ಟೂನಿನಲ್ಲಿ ಒಂದು ಕಾಡು, ಕಾಡಿನ ತುಂಬ ಪ್ರಾಣಿಗಳು, ಎಲ್ಲವೂ ಬೆಂಗಳೂರು ಕಡೆಯ ಕನ್ನಡ ಮಾತಾಡುತ್ತವೆ. ಅವತ್ತು ಸಿಂಹರಾಜ ದರ್ಬಾರಿನಲ್ಲಿ, "ನಾನು ಯಾರಿಗೂ ಹೆದರೋನಲ್ಲ" ಎಂದು ಗರ್ಜಿಸಿದ. ಕಾಡೆಲ್ಲ ನಡುಗಿತು. ಸಭೆ ಮುಗಿಸಿ ಮನೆಗೆ ಬಂದವನು ಬಾಗಿಲಲ್ಲೇ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ತುದಿಗಾಲಲ್ಲಿ ಒಳಗೆ ಹೋದ, ಸಿಂಹಿಣಿ ಇನ್ನೂ ಬಾಯಿ ತೆರೆದಿಲ್ಲ, "ಪಾತ್ರೆ ನಾನೇ ತೊಳೀತೀನಿ" ಎಂದ.

ನನಗೆ ನಗು ಬಂತು. ಬಂದ ನಗುವನ್ನು ತಡೆಯಲು ಹೋದೆ, ಅದು ಮೂಗಿನಿಂದ ಹೊರಬಿತ್ತು. ಮಕ್ಕಳೆಲ್ಲ ತಿರುಗಿ ನೋಡಿದವು. ಅವಕ್ಕೆ ಒಂದು ನಿಯಮವಿದೆ, ಯಾರಾದರೂ ಬಿದ್ದಾಗ ನಗಬೇಕು. ಮೊಮ್ಮಗಳು ಟಿವಿ ನೋಡಿದಳು, ನನ್ನನ್ನು ನೋಡಿದಳು.

"ಆಯಿ, ಯಾರೂ ಬಿದ್ದಿಲ್ಲ. ಯಾಕ ನಕ್ಕಿ?"

ಗಂಡಂದಿರ ವಿಷಯ ಕೂಸಿಗೆ ಹೇಗೆ ಹೇಳಲಿ? "ನಾ ನಕ್ಕಿಲ್ಲವ್ವ. ದೇವರು ನಗಿಸಿದ" ಎಂದೆ. ಆ ಉತ್ತರದಲ್ಲಿ ಸುಳ್ಳೂ ಇರಲಿಲ್ಲ, ಹೀಗಾಗಿ ಸಮಾಧಾನವಾಯಿತು.

ಮರುದಿನ ನಾನು ಪೂಜೆಗೆ ಕುಳಿತ ಕೂಡಲೇ ಅವಳು ಬಂದು ನನ್ನ ಮೊಣಕೈ ಹಿಡಿದು ಮೆಲ್ಲಗೆ ಟಿವಿಯ ಕಡೆ ಎಳೆದಳು. "ಆಯಿ, ದೇವರನ್ನ ಈ ಕಡೆ ಹಿಡಿ. ಅಲ್ಲಿಂದ ಅವಂಗ ಅರ್ಧಾನ ಕಾಣತೈತಿ."

ಆನೆಯ ಟಾನಿಕ್

ಆ ಕಾಡಿನಲ್ಲಿ ಒಬ್ಬ ಆನೆ ಕಾಕಾ ಇದ್ದಾನೆ. ಹೊತ್ತು ಮುಳುಗಿತೆಂದರೆ, "ಸ್ವಲ್ಪ ಟಾನಿಕ್ ತಗೊಂಡು ಬರ್ತೀನಿ" ಎಂದು ಮರದ ಹಿಂದೆ ಹೋಗುತ್ತಾನೆ. ಬರುವಾಗ ಸೊಂಡಿಲು ಒಂದು ಕಡೆ, ಕಾಲು ಒಂದು ಕಡೆ. ದಾರಿಯ ಕಂಬವನ್ನು ತಬ್ಬಿಕೊಂಡು, "ತಮ್ಮಾ, ಎಷ್ಟು ಸೊರಗಿದ್ದೀಯೋ" ಎಂದು ಅಳುತ್ತಾನೆ. ಆಮೇಲೆ ಬೀಳುತ್ತಾನೆ, ಮಕ್ಕಳು ನಗುತ್ತವೆ.

"ಆಯಿ, ಟಾನಿಕ್ ಯಾಕ ಕುಡೀತಾನ?"

"ಕೆಮ್ಮು ಅವಂಗ" ಎಂದೆ. ದೇವರು ಕ್ಷಮಿಸಲಿ.

ನಮ್ಮ ಓಣಿಯಲ್ಲಿ ಜವಳಿ ಅಂಗಡಿಯ ಸಾವುಕಾರರಿದ್ದಾರೆ. ಒಳ್ಳೆಯ ಮನುಷ್ಯ. ಹಣೆಯ ಮೇಲೆ ವಿಭೂತಿ ತಪ್ಪಿದ್ದಿಲ್ಲ. ರಬಕವಿ-ಬನಹಟ್ಟಿಗೆ ಸೀರೆ ತರಲು ಹೋದ ದಿನ ಮಾತ್ರ ಬರುವಾಗ ಸ್ವಲ್ಪ ಹಾಡು ಗುನುಗುತ್ತ ಬರುತ್ತಾರೆ. ಒಂದು ಸಂಜೆ ಹಾಗೇ ಬಂದವರು ನಮ್ಮ ಮನೆಯ ಮುಂದಿನ ಬೇವಿನ ಮರಕ್ಕೆ ಭುಜ ತಾಗಿಸಿಕೊಂಡರು. ನಿಂತು, ಮರಕ್ಕೆ ಕೈಮುಗಿದು, "ತಪ್ಪಾತ್ರಿ ಅಣ್ಣಾರ" ಎಂದರು.

ಕಟ್ಟೆಯ ಮೇಲೆ ಕುಳಿತಿದ್ದ ಮೊಮ್ಮಗಳಿಗೆ ಕನಿಕರ ಉಕ್ಕಿತು. ಅಪರಿಚಿತರ ಜೊತೆ ಮಾತಾಡದ ಕೂಸು ತಾನಾಗಿ ಎದ್ದು ಹೋಗಿ ಕೇಳಿತು, "ಕಾಕಾ, ಟಾನಿಕ್ ಕುಡದ್ರೇನ್ರಿ? ಕೆಮ್ಮು ಭಾಳ ಐತೇನ್ರಿ?"

ಎದುರು ಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. "ಯಾವ ಟಾನಿಕ್ಕವಾ?"

"ಆನಿ ಕುಡೀತೈತಲ್ರಿ ಕಾಕೂ, ಅದ. ಅದನ್ನ ಕುಡದ್ರ ಮರದ ಜೋಡಿ ಮಾತಾಡಾಕ ಬರತೈತಿ."

ಅವತ್ತು ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ ಎಂದು ಕೇಳಿದೆ.

ಮರುದಿನ ಬೆಳಿಗ್ಗೆ ಸಾವುಕಾರರು ಎಂದಿಗಿಂತ ದಪ್ಪ ವಿಭೂತಿ ಧರಿಸಿ ನಮ್ಮ ಬಾಗಿಲಿಗೆ ಬಂದರು. "ಅಕ್ಕಾರ, ಆ ಕಾರ್ಟೂನ್ ಬಂದ್ ಮಾಡಸ್ರಿ. ಓಣ್ಯಾಗಿನ ಸಂಸ್ಕಾರ ಕೆಡಾಕತ್ತೈತಿ."

"ಅದರಾಗ ಕೆಟ್ಟದ್ದು ಏನೈತ್ರಿ?"

ಅವರು ಹಣೆಯ ವಿಭೂತಿ ಸರಿಮಾಡಿಕೊಂಡರು. "ಆ ಆನಿ ಐತಲ್ರಿ, ಅದು ನೇರ ನಡ್ಯಾಂಗಿಲ್ಲ."

ಗಂಟಲಿಗೆ ಸಿಕ್ಕ ಚುರುಮುರಿ

ಮಾತು ಓಣಿ ತುಂಬ ಹಬ್ಬಿ, ಹೆಂಗಸರೆಲ್ಲ ವಚನ ಹಾಡಲು ಸೇರುವ ನಮ್ಮ ಅಕ್ಕನ ಬಳಗಕ್ಕೆ ಬಂತು. ಸೊಸೆಯೂ ಬಸ್ಸಿಳಿದು ಬರುವಾಗ ದಾರಿಯಲ್ಲೇ ಕೇಳಿದ್ದಳು. "ಅತ್ತಿ, ಮಂದಿ ಮಾತಾಡಾಕತ್ತಾರ್ರಿ. ಟಿವಿ ಬಂದ್ ಮಾಡಿಬಿಡೂಣ" ಎಂದಳು. ಊಟಕ್ಕೆ ಕುಳಿತ ಮೊಮ್ಮಗಳು ಅದನ್ನು ಕೇಳಿಸಿಕೊಂಡಳು. ಆಮೇಲೆ ರೊಟ್ಟಿ ಬೇಕೇ ಎಂದರೆ ತಲೆ ಅಲ್ಲಾಡಿಸಿದಳು, ನೀರು ಬೇಕೇ ಎಂದರೂ ತಲೆ ಅಲ್ಲಾಡಿಸಿದಳು. ಆ ಹಳೆಯ ಮೌನ ಹೊಸಲಿನ ತನಕ ಬಂದು ನಿಂತಂತಾಯಿತು.

ನಾನೇ ಬಳಗಕ್ಕೆ ಹೋಗಿ ಕೇಳಿಕೊಂಡೆ, "ನೋಡದ ತೀರ್ಪ ಕೊಡಬ್ಯಾಡ್ರಿ. ಬಂದು ನೋಡ್ರಿ, ಆಮ್ಯಾಗ ಹೇಳ್ರಿ."

ಮರುಸಂಜೆ ಬಳಗದ ಅಧ್ಯಕ್ಷಿಣಿ ಬಂದರು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಸ್ಥರ ಮಗಳು. ಬೆಲ್ಲದ ಮನೆಯವರಾದರೂ ಅವರ ಮುಖದಲ್ಲಿ ನಗು ಕಂಡವರಿಲ್ಲ. ಜೊತೆಗೆ ಜವಳಿ ಸಾವುಕಾರರ ಹೆಂಡತಿ. ಮಕ್ಕಳು ಚಾಪೆಯ ಮೇಲೆ, ನಾವು ಮೂವರು ಹಿಂದೆ ಕುರ್ಚಿಯ ಮೇಲೆ. ಶಿವಾ, ಇವತ್ತು ಮೊಲ, ಜಿಂಕೆ ಇಂಥವರ ಕಥೆ ಬರಲಿ ಎಂದು ಬೇಡಿಕೊಂಡೆ.

ಹೊಸದಾಗಿ ಮದುವೆಯಾದ ಬಾತುಕೋಳಿ ದಂಪತಿಗಳ ಕಥೆ ಬಂತು.

ಊರಿನಿಂದ ಕೊಕ್ಕರೆ ಮಾವ ನಡು ಮಧ್ಯಾಹ್ನ ಅವರ ಮನೆಗೆ ಬರುತ್ತಾನೆ. ಬಾಗಿಲು ಹಾಕಿದೆ, ಕಿಟಕಿಗೆ ಪರದೆ ಎಳೆದಿದೆ. ಬಾಗಿಲು ಬಡಿಯುತ್ತಾನೆ. ಒಳಗೆ ಏನೋ ಉರುಳಿದ ಸದ್ದು. ಬಹಳ ಹೊತ್ತಿನ ಮೇಲೆ ಗಂಡು ಬಾತುಕೋಳಿ ಬಾಗಿಲು ತೆರೆಯುತ್ತದೆ. ಟೊಪ್ಪಿಗೆ ಹಿಂದುಮುಂದಾಗಿದೆ, ಗಲ್ಲದ ಮೇಲೆ ಕುಂಕುಮ.

"ಏನ್ ಮಾಡ್ತಿದ್ರಪ್ಪ?"

"ಹಪ್ಪಳ ಮಾಡ್ತಿದ್ವಿ ಮಾವ."

ಕೊಕ್ಕರೆ ಉದ್ದ ಕುತ್ತಿಗೆ ಚಾಚಿ ಅಂಗಳ ನೋಡಿತು, ಮಾಳಿಗೆ ನೋಡಿತು. ಒಂದು ಹಪ್ಪಳವೂ ಇಲ್ಲ. ಕುತ್ತಿಗೆಯನ್ನು ನಿಧಾನವಾಗಿ ಹಿಂದೆ ತಂದು ನೇರ ನಮ್ಮ ಕಡೆ ನೋಡಿತು.

ಮಕ್ಕಳು ಸುಮ್ಮನೆ ನೋಡುತ್ತಿದ್ದವು, ಯಾರೂ ಬಿದ್ದಿರಲಿಲ್ಲ. ನಾನು ಗಟ್ಟಿಯಾಗಿ ತುಟಿ ಕಚ್ಚಿದೆ. ಎಡಗಡೆಯ ಕುರ್ಚಿ ಕಿರುಗುಟ್ಟತೊಡಗಿತು. ಬಲಗಡೆ ಅಧ್ಯಕ್ಷಿಣಿಯವರು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು, ಕಣ್ಣಲ್ಲಿ ನೀರು. ಆಮೇಲೆ ಅವರಿಂದ ಒಂದು ದೊಡ್ಡ ಕೆಮ್ಮು ಬಂತು, ಅದರ ಹಿಂದೆಯೇ ಇನ್ನೊಂದು.

"ಏನಾತ್ರಿ ಅಕ್ಕಾರ?" ಎಂದೆ.

"ಏನಿಲ್ಲವಾ. ಚುರುಮುರಿ ಗಂಟಲಕ್ಕ ಸಿಕ್ತು."

ಚುರುಮುರಿ ಇನ್ನೂ ಅಡಿಗೆಮನೆಯಲ್ಲೇ ಇತ್ತು. ನಾನು ಕೊಟ್ಟೇ ಇರಲಿಲ್ಲ.

ಯಾರಿಗೂ ತಿಳಿಯದ ಕಥೆ

ಮಕ್ಕಳು ಹೋದ ಮೇಲೆ ವಿಚಾರಣೆಗೆ ಕುಳಿತೆವು.

"ಕೆಟ್ಟದ್ದೈತಿ ಅದರಾಗ" ಎಂದರು ಸಾವುಕಾರರ ಹೆಂಡತಿ.

"ಏನೈತಿ, ಬಿಡಿಸಿ ಹೇಳು" ಎಂದರು ಅಧ್ಯಕ್ಷಿಣಿ.

"ನನಗೇನ ಗೊತ್ರಿ? ನನಗ ತಿಳೀಲೇ ಇಲ್ಲ. ನಿಮಗ ತಿಳೀತೇನ್ರಿ?"

"ನನಗ ಹ್ಯಾಂಗ ತಿಳೀತೈತಿ? ನಾ ಮನಸಿನ್ಯಾಗ ಶಿವನಾಮ ಹೇಳಾಕತ್ತಿದ್ದೆ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಹಪ್ಪಳಕ್ಕೆ ಉದ್ದಿನ ಹಿಟ್ಟು ಒಳ್ಳೆಯದೋ ಹೆಸರಿನದೋ ಎಂದು ಮಾತು ಬದಲಿಸಿದೆ. ತಿಳಿಯಿತು ಎಂದವರ ಮರ್ಯಾದೆ ಹೋಗುತ್ತದೆ, ತಿಳಿಯಲಿಲ್ಲ ಎಂದರೆ ದೂರಿಗೆ ಆಧಾರವೇ ಇರುವುದಿಲ್ಲ. ಕೊನೆಗೆ ಸೋಮವಾರ ಮಠದ ಅಪ್ಪಾವರ ಮುಂದೆಯೇ ಇಡೋಣ ಎಂದಾಯಿತು.

ಅಪ್ಪಾವರು ವಯಸ್ಸಾದ ಸ್ವಾಮಿಗಳು, ಮೆತ್ತಗಿನ ಮಾತು. ಆದರೆ ಅವರ ಒಂದು ಮಾತು ಬಿತ್ತೆಂದರೆ ಓಣಿಯಲ್ಲಿ ಯಾರೂ ಮೀರುವುದಿಲ್ಲ. ಸೋಮವಾರ ನಾನು ಮೊಮ್ಮಗಳ ಕೈ ಹಿಡಿದು ಹೋದೆ. ಹೆಂಗಸರು ಒಂದು ಕಡೆ, ನಮ್ಮವರು, ಸಾವುಕಾರರು, ಓಣಿಯ ಹಿರಿಯರೆಲ್ಲ ಇನ್ನೊಂದು ಕಡೆ. ಸಾವುಕಾರರು ಎದ್ದು ನಿಂತು ಕೈಮುಗಿದು, "ಸಣ್ಣ ಮಕ್ಕಳಿಗೆ ಕೆಟ್ಟದ್ದು ತೋರಸಾಕತ್ತಾರ್ರಿ ಅಪ್ಪಾರ. ಬಂದ್ ಮಾಡಸ್ರಿ" ಎಂದರು. ಗಂಡಸರು ತಲೆದೂಗಿದರು.

"ಏನು ಕೆಟ್ಟದ್ದಪಾ?"

ಸಾವುಕಾರರು ಅಧ್ಯಕ್ಷಿಣಿಯ ಕಡೆ ನೋಡಿದರು. ಅಧ್ಯಕ್ಷಿಣಿ ನೆಲ ನೋಡಿದರು. ನೆಲದಲ್ಲಿ ಏನೂ ಬರೆದಿರಲಿಲ್ಲ.

"ದೊಡ್ಡವರಿಗೆ ಹೇಳಾಕ ಬರವಲ್ದು" ಎಂದರು ಅಪ್ಪಾವರು. "ನೀ ಬಾ ಕೂಸ. ಏನ ನೋಡಿದಿ, ಹೇಳು."

ಅಷ್ಟು ಮಂದಿಯ ನಡುವೆ ಇವಳು ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಅವಳು ನನ್ನ ಕೈ ಬಿಟ್ಟು ಮುಂದೆ ಹೋದಳು. ಬಾಗಿಲು ಹಾಕಿದ್ದು, ಪರದೆ ಎಳೆದದ್ದು, ಹಪ್ಪಳ ಮಾಡಿದ್ದು, ಎಲ್ಲವನ್ನೂ ಒಂದೂ ಬಿಡದೆ ಗಂಟೆ ಬಾರಿಸಿದಂತೆ ಹೇಳಿದಳು. ನಾನು ಹಿಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದೆ.

"ಬಾಗಿಲಾ ಯಾಕ ಹಾಕ್ಕೊಂಡಿದ್ರವ್ವ?"

"ಗಾಳಿಗೆ ಹಪ್ಪಳ ಹಾರಿ ಹೋಗತಾವಲ್ರಿ."

"ಮತ್ತ ಗಲ್ಲಕ್ಕ ಕುಂಕುಮ?"

"ಪೂಜಾ ಮಾಡಿದ್ದನ್ರಿ ಅಂವ. ಗಡಿಬಿಡಿಯಾಗ ಹಚ್ಚಿದ್ರ ಕುಂಕುಮ ಗಲ್ಲಕ್ಕ ಜಾರತೈತಿ." ಇಷ್ಟು ಹೇಳಿ ಸ್ವಲ್ಪ ತಡೆದು, ಬಲು ಗಂಭೀರವಾಗಿ ಸೇರಿಸಿದಳು, "ಇಲ್ಲೂ ಒಬ್ಬರ ಗಲ್ಲಕ್ಕ ಹತ್ತೈತ್ರಿ."

ಗಂಡಸರ ಸಾಲಿನಲ್ಲಿ ಗಾಳಿ ಬೀಸಿದಂತಾಯಿತು. ಸಾವುಕಾರರ ಕೈ ಗಲ್ಲಕ್ಕೆ ಹೋಯಿತು. ಅವರ ಪಕ್ಕದವರದೂ ಹೋಯಿತು. ಬಿಳಿ ಮೀಸೆಯ ಹಿರಿಯರೊಬ್ಬರು ಧೋತರದ ಚುಂಗಿನಿಂದ ಎರಡೂ ಗಲ್ಲ ಒರೆಸಿಕೊಂಡರು. ನಲವತ್ತು ವರ್ಷ ನನ್ನ ಜೊತೆ ಬಾಳಿದ ನಮ್ಮವರೂ ಬೇರೆ ಕಡೆ ನೋಡುತ್ತ ಮೆಲ್ಲಗೆ ಗಲ್ಲ ಸವರಿಕೊಂಡರು.

"ಯಾರದವ್ವ?" ಎಂದರು ಅಪ್ಪಾವರು.

ಕೂಸು ಗದ್ದುಗೆಯ ಮುಂದಿನ ಕಲ್ಲಿನ ನಂದಿ ಬಸವಣ್ಣನ ಕಡೆ ಬೆರಳು ತೋರಿಸಿತು. ಬೆಳಗಿನ ಅಭಿಷೇಕದ ನೀರಿಗೆ ಅವನ ಹಣೆಯ ಕುಂಕುಮ ಇಳಿದು ಗಲ್ಲದ ಮೇಲೆ ನಿಂತಿತ್ತು.

ಅಪ್ಪಾವರು ಬಸವಣ್ಣನನ್ನು ನೋಡಿದರು. ಆಮೇಲೆ ಗಂಡಸರ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಇಷ್ಟು ಮಂದ್ಯಾಗ ಗಲ್ಲಾ ಮುಟ್ಟಿ ನೋಡ್ಕೊಳ್ಳದಂವ ಇವ ಒಬ್ಬನ" ಎಂದರು. "ಕಾರ್ಟೂನ್ ಬಂದ್ ಮಾಡಂತ ಹೇಳೂ ಹಕ್ಕ ಇವಂಗಷ್ಟ ಐತಿ. ಇವನ್ನ ಕೇಳ್ರಿ."

ಎಲ್ಲರೂ ಬಸವಣ್ಣನ ಕಡೆ ತಿರುಗಿ ಕೈಮುಗಿದು ಕಾದೆವು. ಅವನು ಏನೂ ಅನ್ನಲಿಲ್ಲ.